ಮಾವನವರು ಹಾಸಿಗೆ ಹಿಡಿದ ಮೇಲೆ

ಹಾಸಿಗೆ ಹಿಡಿದವರು ಇರುವ ಮನೆಯಲ್ಲಿ ನಗುವೇ ಇರುವುದಿಲ್ಲ ಅಂತ ತಿಳಿದವರು ಆಗ ನಮ್ಮ ಮನೆಗೊಮ್ಮೆ ಬರಬೇಕಿತ್ತು. ಅರವತ್ತರ ದಶಕದ ಮೊದಲಿನ ವರ್ಷಗಳ ಮಾತು. ನಮ್ಮ ಮನೆಯವರಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಇರಲು ಎರಡು ಕೋಣೆಯ ಮನೆ. ಹಳಿಯಾಳದ ಕಡೆ ಹಳ್ಳಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾಗಿದ್ದ ನಮ್ಮ ಮಾವನವರಿಗೆ ಲಕ್ವಾ ಹೊಡೆಯಿತು. ಅತ್ತೆ ಮೊದಲೇ ತೀರಿಕೊಂಡಿದ್ದರು. ಹೀಗಾಗಿ ಮಾವನವರನ್ನು ನಮ್ಮಲ್ಲಿಗೇ ಕರೆತಂದೆವು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬಾಯಿ ಮಾತ್ರ ಮೊದಲಿನ ಹಾಗೆಯೇ ಇತ್ತು.

೧

ನೋಡಲು ಬಂದವರೆಲ್ಲ ಒಂದೊಂದು ಔಷಧ ಹೇಳಿ, ಚಹಾ ಕುಡಿದು ಹೋಗುವರು. ಒಬ್ಬ ಹೆಣ್ಣುಮಗಳು ಮಾತ್ರ ನನ್ನ ಮುಖ ನೋಡಿದಳು.

"ಎಲ್ಲಾರೂ ಬ್ಯಾನಿ ಬಿದ್ದವರನ್ನ ಕೇಳ್ತಾರ, ಮಾಡೋರನ್ನ ಯಾರೂ ಕೇಳೂದಿಲ್ಲ. ಎಷ್ಟು ಸೊರಗೀಯಬೇ! ಬಾ, ಒಂದೀಟು ಕೂಡು."

ಎರಡು ತಿಂಗಳಲ್ಲಿ ನನಗೆ ಕೂಡು ಅಂದವಳು ಆಕೆಯೊಬ್ಬಳೇ. ಕೂತೆ. ಆಕೆ ನನ್ನ ಬೆನ್ನು ಸವರಿ ಹೇಳಿದಳು, "ಕುಂತಿದ್ದು ಸಾಕಾತಂದ್ರ, ಹಂಗ ಎದ್ದು ಒಂದು ಕಪ್ ಚಾ ಇಡವಾ."

೨

ಮಾವನವರು ಕೂಗಿದರೆ ಹಿತ್ತಲಿಗೆ ಕೇಳುತ್ತಿರಲಿಲ್ಲ. ಅದಕ್ಕೆ ನಮ್ಮ ಮನೆಯವರು ದೇವರ ಮುಂದಿನ ಗಂಟೆಯನ್ನೇ ತಂದು ಮಂಚದ ಬದಿಗೆ ಇಟ್ಟರು. ಮಲಗಿದಲ್ಲೇ ಮೂತ್ರಕ್ಕೆಂದು ಆಸ್ಪತ್ರೆಯಿಂದ ಹೇಳಿ ತರಿಸಿದ್ದ ಎನಾಮಲ್ ಪಾತ್ರೆ ಬೇಕಾದಾಗ ಮಾವನವರು ಗಂಟೆ ಬಾರಿಸಬೇಕು, ನಾನು ಓಡಿ ಬರಬೇಕು. ಮರ್ಯಾದಸ್ಥರು, ಅದಕ್ಕೆ ಬರೇ 'ಪಾತ್ರಿ' ಅನ್ನುತ್ತಿದ್ದರು.

ಒಂದು ಸೋಮವಾರ ಮುಂಜಾನೆ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಗಂಟೆ ಒಂದೇ ಸವನೆ ಬಾರಿಸಿತು. ಕೈ ತೊಳೆದು ಒಳಗೆ ಬರುವಷ್ಟರಲ್ಲಿ ಬಾಜೂ ಮನೆಯ ಅಜ್ಜಿ ಸೆರಗು ಹೊದ್ದು, ಕೈ ಮುಗಿದು, ಮಂಚದ ಮುಂದೆ ನಿಂತಿದ್ದಳು.

"ಮಂಗಳಾರತಿ ಆತೇನ್ರೀ?"

"ಆರತಿ ಅಲ್ಲ ತಾಯಿ," ಮಾವನವರು ಹಲ್ಲು ಕಚ್ಚಿ ಹೇಳಿದರು, "ಲಗೂನ ಸೊಸೀನ ಕರೀರಿ. ಪಾತ್ರಿ ಬೇಕಾಗೇತಿ."

ಅಜ್ಜಿ ಪ್ರಸಾದವೇ ಇರಬೇಕೆಂದು ಬಲಗೈ ಮುಂದೆ ಚಾಚಿದಳು. "ಪಾತ್ರಿ ಯಾಕ್ರಿ? ನನಗ ಅಂಗೈಯಾಗ ಒಂದೀಟು ಹಾಕಿದ್ರ ಸಾಕು."

೩

ಬಲಗೈಯನ್ನು ದಿನಾ ಎತ್ತಲು ಪ್ರಯತ್ನಿಸಬೇಕೆಂದು ಡಾಕ್ಟರು ಹೇಳಿದ್ದರು. ಮಾವನವರು ಎರಡು ದಿನ ನೋಡಿ ಬಿಟ್ಟರು. "ಸತ್ತ ಕೈ ಅದು, ಬಿಡವಾ," ಅಂದುಬಿಟ್ಟರು. ಎಣ್ಣೆ ತಿಕ್ಕುತ್ತಾ ತಿಕ್ಕುತ್ತಾ ನನಗೂ ಆಸೆ ಕಡಿಮೆಯಾಗಿತ್ತು.

ಅಷ್ಟರಲ್ಲಿ ಅವರ ಜೊತೆ ಮಾಸ್ತರಿಕೆ ಮಾಡಿದ್ದ ಒಬ್ಬರು ನೋಡಲು ಬಂದರು. ಹಳೆಯ ಗೆಳೆಯರು, ಹಳೆಯ ಜಗಳಗಂಟರು. ಮಾತಿಗೆ ಮಾತು ಬೆಳೆದು ಆ ಮಾಸ್ತರರು, "ನಿನ್ನ ಕ್ಲಾಸಿನ ಹುಡುಗರಿಗೆ ಹದಿಮೂರರ ಮಗ್ಗಿ ಎಂದಾರ ಬಂದಿತ್ತೇನೋ?" ಅಂದರು.

"ಏನಂದಿ?" ಮಾವನವರ ಬಲಗೈ ಛಡಿ ಹಿಡಿದ ಹಾಗೆ ಹಾಸಿಗೆಯಿಂದ ಗೇಣುದ್ದ ಮೇಲೆದ್ದಿತು! ಮೂವರೂ ಆ ಕೈಯನ್ನೇ ನೋಡುತ್ತಾ ಉಳಿದೆವು. ಆಮೇಲೆ ಆ ಮಾಸ್ತರರೇ ಮೊದಲು ಅತ್ತರು. ಮಾವನವರೂ ಅತ್ತರು. ನಾನಂತೂ ಬಿಕ್ಕಿ ಬಿಕ್ಕಿ ಅತ್ತೆ.

ಡಾಕ್ಟರಿಗೆ ಸಂಗತಿ ಹೇಳಿದೆ. ಅವರು ಚೀಟಿ ಬರೆಯುವ ಧಾಟಿಯಲ್ಲೇ ಹೇಳಿದರು, "ಆ ಮಾಸ್ತರರನ್ನ ಮುಂಜಾನೆ ಒಮ್ಮೆ, ಸಂಜೀಕ ಒಮ್ಮೆ ಕೊಡ್ರಿ. ಉಂಡ ಮ್ಯಾಲೆ."

೪

ವರ್ಷ ಕಳೆಯುವಷ್ಟರಲ್ಲಿ ಮಾವನವರು ಕೋಲು ಹಿಡಿದು ಕುರ್ಚಿವರೆಗೂ ನಡೆಯುವ ಹಾಗಾದರು. ಆದರೆ ನಾನು ಸೋತಿದ್ದೆ. ಶ್ರಾವಣದಲ್ಲಿ ಒಂದು ದಿನ ಅಡುಗೆಮನೆಯಲ್ಲಿ ಸುಮ್ಮನೇ ಅಳು ಬಂತು.

"ಯಾಕವಾ, ಮೂಗು ಎಳಿಯಾಕತ್ತೀ?" ಹೊರಗಿನಿಂದ ಮಾವನವರು ಕೇಳಿದರು.

"ಏನಿಲ್ಲರೀ ಮಾವಾರ, ಉಳ್ಳಾಗಡ್ಡಿ ಹೆಚ್ಚಾಕತ್ತೇನಿ."

"ಶ್ರಾವಣದಾಗ ನಮ್ಮ ಮನ್ಯಾಗ ಉಳ್ಳಾಗಡ್ಡಿ ಎಲ್ಲಿಂದ ಬಂತು?"

ಸಂಜೆ ಮಗನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದರು. "ಈಕೀನ ನಾಲ್ಕು ದಿನ ಮುಂಡಗೋಡಕ್ಕ ತವರಿಗೆ ಕಳಿಸು. ನೀ ರಜಾ ಹಾಕು. ನನ್ನ ನೀ ನೋಡ್ಕೋ."

"ಅದರಾಗೇನೈತಿ? ನಾ ನೋಡ್ಕೋತೇನಿ," ಅಂದರು ನಮ್ಮ ಮನೆಯವರು.

ತವರಿನಲ್ಲಿ ಮೊದಲ ದಿನವೆಲ್ಲ ಮಲಗಿದೆ. ಎರಡನೆಯ ದಿನ ಅವ್ವ ತಲೆ ಬಾಚಿದಳು. ಮೂರನೆಯ ದಿನ ಯಾವುದೋ ಮಾತಿಗೆ ಗಟ್ಟಿಯಾಗಿ ನಕ್ಕೆ. ನನ್ನ ನಗು ನನಗೇ ಹೊಸದಾಗಿ ಕೇಳಿತು. ನಾಲ್ಕನೆಯ ದಿನ, ಮಾವನವರು ಹೇಗಿದ್ದಾರೋ ಎಂದು ಜೀವ ಚಡಪಡಿಸಿ ಬಸ್ಸು ಹತ್ತಿದೆ.

ಮಧ್ಯಾಹ್ನ ಬಾಗಿಲು ದೂಡಿದೆ. ರೋಗಿಯ ಮಂಚದ ಮೇಲೆ ನಮ್ಮ ಮನೆಯವರು ಅಂಗಾತ ಬಿದ್ದು ಗೊರಕೆ ಹೊಡೆಯುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಕೂತು ಮಾವನವರು ಎಡಗೈಯಿಂದ ಬೀಸಣಿಗೆ ಬೀಸುತ್ತಿದ್ದರು.

"ಸಪ್ಪಳ ಮಾಡಬ್ಯಾಡವಾ," ಅಂದರು ಪಿಸುದನಿಯಲ್ಲಿ, "ಈಗಷ್ಟ ಕಣ್ಣು ಹತ್ಯಾವ."

ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, "ಮಾವಾರ, ನೀವು ಆರಾಮ ಅದೀರೇನ್ರಿ?"

"ನನಗೇನಾಗೇತಿ? ಆರಾಮ ಅದೇನಿ," ಎಂದು ನಿಟ್ಟುಸಿರು ಬಿಟ್ಟರು. "ಆದ್ರ ಇವನ್ನ ನೋಡ್ಕೊಂಡು ನೋಡ್ಕೊಂಡು ಸಾಕಾಗಿಹೋಗೇತಿ. ನನ್ನನ್ನೂ ನಾಲ್ಕು ದಿನ ಎಲ್ಲೆರ ಕಳಸವಾ!"