ಬ್ರೇಕ್ ಮೇಷ್ಟ್ರು ಘಾಟಿ ಹತ್ತಿದ್ದು

ಬ್ರೇಕ್ ಮೇಷ್ಟ್ರ ಬಲಗಾಲಿನ ಮೇಲೆ ಅವರ ಹೆಂಡತಿಗೆ ಮದುವೆಯಾದಾಗಿನಿಂದ ತಕರಾರಿತ್ತು. ಎಡಗಾಲಿನ ಮೇಲೆ ಏನೂ ಇರಲಿಲ್ಲ. ಅದು ಪಾಪ, ತನ್ನ ಪಾಡಿಗೆ ತಾನಿರುವ ಕಾಲು. ಬಲಗಾಲು ಹಾಗಲ್ಲ. ಎದುರಿಗೆ ಏನಾದರೂ ಅಲುಗಿತೋ, ಅದು ನೆಲವನ್ನು ಒತ್ತಿಬಿಡುತ್ತಿತ್ತು. ಬಸ್ಸಿನಲ್ಲಿ ಕೂತರೆ ಡ್ರೈವರಿಗಿಂತ ಮೊದಲು ಇವರು ಬ್ರೇಕ್ ಹಾಕುವರು. ಸಿನಿಮಾ ನೋಡಲು ಹೋದರೆ ಪರದೆಯ ಮೇಲೆ ಕುದುರೆ ಓಡಿಬರುವಾಗ ಮುಂದಿನ ಸೀಟಿನವನ ಬೆನ್ನಿಗೆ ಇವರ ಬೂಟು. ರಾತ್ರಿ ಕನಸಿನಲ್ಲಿ ಯಾರು ಅಡ್ಡ ಬರುತ್ತಿದ್ದರೋ ಗೊತ್ತಿಲ್ಲ, ಒದೆ ಬೀಳುತ್ತಿದ್ದುದು ಮಾತ್ರ ಹೆಂಡತಿಗೆ.

ಇದಕ್ಕೆಲ್ಲ ಅವರ ಕಸುಬೇ ಕಾರಣ. ಮೇಷ್ಟ್ರು ಕಾರು ಕಲಿಸುವವರು. ಕಲಿಯುವವರು ಸ್ಟೀರಿಂಗ್ ಹಿಡಿದು ಕೂತರೆ ಮೇಷ್ಟ್ರದು ಪಕ್ಕದ ಸೀಟು, ಅವರ ಕಾಲ ಕೆಳಗೆ ಅವರದೇ ಇನ್ನೊಂದು ಬ್ರೇಕು. ಊರಿನ ಅರ್ಧ ಜನ ಆ ಬ್ರೇಕಿನ ಕೃಪೆಯಿಂದಲೇ ಇನ್ನೂ ಬದುಕಿದ್ದಾರೆ ಎಂದು ಮೇಷ್ಟ್ರು ಹೇಳಿಕೊಳ್ಳುತ್ತಿದ್ದರು. (ಉಳಿದರ್ಧ ಜನ ನಡೆದೇ ಓಡಾಡುತ್ತಾರೆ.) ಹೀಗೆ ಊರಿಗೆಲ್ಲ ಕಲಿಸಿದ ಮಹಾನುಭಾವರು ತಮ್ಮ ಹೆಂಡತಿಗೆ ಮಾತ್ರ ಕಲಿಸಿರಲಿಲ್ಲ.

ಪ್ರಯತ್ನವೇನೋ ನಡೆದಿತ್ತು. ಮಗಳು ಇನ್ನೂ ಚಿಕ್ಕವಳಿದ್ದಾಗ ಒಂದು ಭಾನುವಾರ ಮೇಷ್ಟ್ರು ಹೆಂಡತಿಯನ್ನು ಸ್ಟೀರಿಂಗ್ ಮುಂದೆ ಕೂರಿಸಿದ್ದರು. ಮನೆಯಿಂದ ಬೀದಿಯ ಮೂಲೆಗೆ ಹೋಗುವಷ್ಟರಲ್ಲಿ ಅದೆಷ್ಟು ಸಲ ಬ್ರೇಕ್ ಹಾಕಿದರೆಂದರೆ ಆಕೆಯ ಕನ್ನಡಕ ಮೂಗಿನಿಂದ ಮಡಿಲಿಗೂ ಮಡಿಲಿನಿಂದ ಕಾಲ ಕೆಳಕ್ಕೂ ಪ್ರಯಾಣ ಮಾಡಿತು. ಆಕೆ ಮೂಲೆಯಲ್ಲಿ ಇಳಿದಳು, ಕನ್ನಡಕ ಒರೆಸಿಕೊಂಡಳು, ನಡೆದು ಮನೆಗೆ ಬಂದಳು. ಅಂದಿನಿಂದ ಕೆಲಸಕ್ಕೆ ಎರಡು ಬಸ್ಸು ಬದಲಾಯಿಸಿಯೇ ಹೋಗುತ್ತಿದ್ದಳು.

ಆಕೆಯದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಸೂಜಿ ಕಂಡರೆ ಕಿರುಚುವ ಮಕ್ಕಳು, ಮಕ್ಕಳಿಗಿಂತ ಜೋರಾಗಿ ಕಿರುಚುವ ದೊಡ್ಡವರು, ಎಲ್ಲರ ನಡುವೆಯೂ ಆಕೆಯ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಈಗ ಲ್ಯಾಬು ಊರ ಹೊರಗೆ ಹೊಸ ಕಟ್ಟಡಕ್ಕೆ ಹೋಗಿತ್ತು. ಅಲ್ಲಿಗೆ ಬಸ್ಸೇ ಇಲ್ಲ.

"ರೀ, ನಾನು ಕಾರು ಕಲೀಬೇಕು" ಎಂದಳು ಒಂದು ಬೆಳಿಗ್ಗೆ.

ಮೇಷ್ಟ್ರ ಮುಖ ಅರಳಿತು. "ನಾಳೆಯಿಂದಲೇ ಶುರು ಮಾಡೋಣ! ನಾನೇ..."

"ನಿಮ್ಮ ಹತ್ರ ಅಲ್ಲ. ಎದುರುಗಡೆ ಸ್ಕೂಲಿಗೆ ಸೇರ್ಕೋತೀನಿ."

ಮೇಷ್ಟ್ರ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಅವರ ಸ್ಕೂಲಿಗೆ ಸರಿಯಾಗಿ ಎದುರಿಗೆ ಹೊಸದೊಂದು ಡ್ರೈವಿಂಗ್ ಸ್ಕೂಲು ಶುರುವಾಗಿತ್ತು. ಅದರ ಯಜಮಾನ ಮೋಡ ಕವಿದಿದ್ದರೂ ಕಪ್ಪು ಕನ್ನಡಕ ತೆಗೆಯದ ಆಸಾಮಿ. ಬೀದಿಯವರೆಲ್ಲ ಕೂಲಿಂಗ್ ಗ್ಲಾಸ್ ಎಂದೇ ಕರೆಯುವುದು. ಬ್ರೇಕ್ ಮೇಷ್ಟ್ರ ಧರ್ಮಪತ್ನಿ ಕೂಲಿಂಗ್ ಗ್ಲಾಸ್‌ನ ಕಾರಿನಲ್ಲಿ, ಬ್ರೇಕ್ ಮೇಷ್ಟ್ರ ಕಣ್ಣೆದುರೇ, ಕಲಿಯುವುದು! ಮರುದಿನವೇ ಬೋರ್ಡು ಕಳಚಿಟ್ಟು ಮನೆಯಲ್ಲಿ ಕೂರಬೇಕಷ್ಟೆ.

"ನನ್ನ ಮರ್ಯಾದೆ ಏನಾಗುತ್ತೆ ಕಣೇ?"

"ನನ್ನ ಕನ್ನಡಕ ಏನಾಗುತ್ತೆ ರೀ?"

"ಇನ್ಮೇಲೆ ಬ್ರೇಕ್ ಹಾಕಲ್ಲ. ಆಣೆ ಮಾಡಿ ಹೇಳ್ತೀನಿ."

"ನೀವು ಆಣೆ ಮಾಡಬಹುದು. ನಿಮ್ಮ ಕಾಲು ಮಾಡುತ್ತಾ?"

ಆಗ ಬಾಯಿ ಹಾಕಿದವಳು ಮಗಳು. ಕಾಲೇಜಿಗೆ ಹೋಗುವ ಹುಡುಗಿ. ತಂದೆಯ ಆಸೆಯೂ ತಾಯಿಯ ಸಂಶಯವೂ ಸಮಸಮವಾಗಿ ಬಂದಿದ್ದವು. ನಡುಮನೆಯ ಮೂಲೆಯಲ್ಲಿ ಅವಳ ಸೋದರಮಾವ ಮನೆ ಬದಲಾಯಿಸುವಾಗ ಬಿಟ್ಟುಹೋದ ವ್ಯಾಯಾಮದ ಸೈಕಲ್ಲಿತ್ತು. ಚಕ್ರ ಉರುಳದೆ ನಿಂತಲ್ಲೇ ನಿಲ್ಲುವ ಜಾತಿಯದು. ಟೀವಿಗೆ ಜೋಡಿಸಿದರೆ ಪರದೆಯ ಮೇಲೆ ರಸ್ತೆ ಮೂಡುತ್ತದೆ. ತುಳಿದಂತೆಲ್ಲ ರಸ್ತೆ ಎದುರಿಗೆ ಬರುತ್ತದೆ. ಅದರಲ್ಲಿ 'ಘಾಟಿ ಸವಾಲು' ಎಂದೊಂದಿತ್ತು. ಎಂಟು ದಿನ, ದಿನಕ್ಕೊಂದು ಘಾಟಿ. ನಡುವೆ ಕಾಲು ನಿಲ್ಲಿಸಿದರೆ ಅವತ್ತಿನ ಘಾಟಿಯನ್ನು ಬುಡದಿಂದ ಮತ್ತೆ ಹತ್ತಬೇಕು.

"ಇದಕ್ಕೆ ಬ್ರೇಕೇ ಇಲ್ಲ ಅಪ್ಪ. ಎಂಟು ದಿನ ಮುಗಿಸಿ. ಮುಗಿಸಿದ್ರೆ ಅಮ್ಮ ನಿಮ್ಮ ಹತ್ರಾನೇ ಕಲೀತಾಳೆ. ಇಲ್ಲಾಂದ್ರೆ ಕೂಲಿಂಗ್ ಗ್ಲಾಸ್. ಒಪ್ಪಿಗೇನಾ ಅಮ್ಮ?"

"ಒಪ್ಪಿಗೆ" ಎಂದಳು ಆಕೆ, ಸೈಕಲ್ ಮೇಲೆ ಒಣಗಲು ಹಾಕಿದ್ದ ಟವೆಲುಗಳನ್ನು ಎತ್ತಿಕೊಳ್ಳುತ್ತ. "ಇಷ್ಟು ವರ್ಷ ನನ್ನ ಮಾತು ತುಳಿದಿದ್ದೀರಿ. ಈಗ ಇದನ್ನ ತುಳೀರಿ."

"ಎಂಟು ದಿನ ಏನು, ಎಂಬತ್ತು ದಿನ ತುಳೀತೀನಿ!" ಎಂದರು ಮೇಷ್ಟ್ರು. ಆ ಹೊತ್ತಿಗೆ ಅವರಿನ್ನೂ ಸೀಟಿನ ಮೇಲೆ ಕೂತಿರಲಿಲ್ಲ.

ಮೊದಲನೆಯ ದಿನದ ಘಾಟಿ ಸಣ್ಣದು. ಮೇಷ್ಟ್ರು ಹಳೆಯ ಬನಿಯನ್ನು, ಮಗಳ ಹಣೆಪಟ್ಟಿ ಧರಿಸಿ ಆರೋಹಣ ಮಾಡಿದರು. ಪರದೆಯ ಮೇಲೆ ರಸ್ತೆ ಬಂತು, ಮರ ಬಂತು, ತರಬೇತಿ ಕೊಡುವ ಹುಡುಗಿಯ ದನಿ ಬಂತು: "ಬಿಡಬೇಡಿ! ತುಳೀರಿ, ತುಳೀರಿ!" ಮೇಷ್ಟ್ರು ಹುರುಪಿನಿಂದ ತುಳಿದರು. ಮೊದಲ ತಿರುವಿನಲ್ಲಿ ಒಂದು ಕುರಿಮಂದೆ ರಸ್ತೆ ದಾಟುತ್ತಿತ್ತು. ಬಲಗಾಲು ಗಕ್ಕನೆ ನಿಂತಿತು.

'ನೀವು ನಿಂತಿದ್ದೀರಿ. ಮೊದಲಿನಿಂದ ಆರಂಭಿಸಿ' ಎಂದಿತು ಪರದೆ.

"ಕುರಿ ಅಡ್ಡ ಬಂದ್ರೆ ನಿಲ್ಲಿಸದೆ ಇನ್ನೇನು ಮಾಡ್ಲಿ?"

"ಅದು ಟೀವಿ ಕುರಿ ಅಪ್ಪ."

"ಕುರಿ ಕುರೀನೇ!"

ಎರಡನೆಯ ಸಲ ಕುರಿಗಳನ್ನು ಕಣ್ಣುಮುಚ್ಚಿ ದಾಟಿದರು. ಅದರಾಚೆ ಒಂದು ಸೇತುವೆ ಇತ್ತು, 'ಕಿರಿದಾದ ಸೇತುವೆ, ನಿಧಾನ' ಎಂಬ ಬೋರ್ಡೂ ಇತ್ತು. ಬೋರ್ಡಿಗೆ ಮರ್ಯಾದೆ ಕೊಡದೆ ಹೋಗುವುದು ಮೇಷ್ಟ್ರ ರಕ್ತದಲ್ಲೇ ಇಲ್ಲ. ಮತ್ತೆ ಬುಡಕ್ಕೆ ಬಂದರು. ಆಮೇಲೆ ತಿರುವಿನಲ್ಲಿ ಬಲಗೈ ಹೊರಗೆ ಚಾಚಿ ಸಿಗ್ನಲ್ ಕೊಡಲು ಹೋಗಿ ಹೂದಾನಿ ಬೀಳಿಸಿದರು. ಅಂತೂ ಆ ಸಣ್ಣ ಘಾಟಿಯನ್ನು ಹತ್ತಿ ಮುಗಿಸುವಷ್ಟರಲ್ಲಿ ಬೆಳಗಿನ ಪಾಠಕ್ಕೆ ಬಂದಿದ್ದ ಶಿಷ್ಯರೆಲ್ಲ ಕಾದು ಕಾದು ಮನೆಗೆ ಹೋಗಿದ್ದರು.

ಮೂರನೆಯ ದಿನಕ್ಕೆ ಮೇಷ್ಟ್ರ ಕಾಲುಗಳು ಮುಷ್ಕರ ಹೂಡಿದವು. ಕುರ್ಚಿಯಲ್ಲಿ ಕೂರುವುದು ಒಂದು ಕಾರ್ಯಕ್ರಮ, ಏಳುವುದು ಇನ್ನೊಂದು ಕಾರ್ಯಕ್ರಮ. ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದರು. ಮುಂದೇನು ಗತಿ ಎಂದು ಯೋಚಿಸಿ ಶಿಷ್ಯರಿಗೆಲ್ಲ ವಾರದ ರಜೆಯನ್ನೇ ಘೋಷಿಸಿಬಿಟ್ಟರು. ಎದುರುಗಡೆ ಕೂಲಿಂಗ್ ಗ್ಲಾಸ್ ಬಾಗಿಲಲ್ಲಿ ನಿಂತು, "ಏನ್ ಮೇಷ್ಟ್ರೇ, ಹುಷಾರಿಲ್ವಾ?" ಎಂದು ಕೇಳಿದ. ಆ ಕನಿಕರ ಮೇಷ್ಟ್ರಿಗೆ ಮೊಣಕಾಲಿನ ನೋವಿಗಿಂತ ಹೆಚ್ಚು ಚುಚ್ಚಿತು.

ಮೊದಮೊದಲು ಹೆಂಡತಿ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆಮೇಲೆ ನೀರಿನ ಚೊಂಬು ತಂದಿಡುವ ನೆಪದಲ್ಲಿ ಬಂದಳು. ಆಮೇಲೆ ತರಕಾರಿ ಹೆಚ್ಚುವ ನೆಪದಲ್ಲಿ ಪಕ್ಕದಲ್ಲೇ ಕೂತಳು. ಐದನೆಯ ದಿನ ಘಾಟಿ ಬಹಳ ಕಡಿದಾಗಿತ್ತು. ಮೇಷ್ಟ್ರ ಉಸಿರು ಪ್ರೆಶರ್ ಕುಕ್ಕರಿನಂತೆ ಬರುತ್ತಿತ್ತು. ಅದು ಮುಗಿದ ಮೇಲೆ ಅವರು ಸೈಕಲ್ಲಿನಿಂದ ಇಳಿದವರು ನೇರ ನೆಲದ ಮೇಲೇ ಮಲಗಿದರು. ಹೆಂಡತಿ ಎಣ್ಣೆ ಬಿಸಿ ಮಾಡಿ ತಂದು ಮೊಣಕಾಲಿಗೆ ಹಚ್ಚಿದಳು.

"ಬಿಟ್ಬಿಡಿ ರೀ. ನಿಮಗೇನಾದ್ರೂ ಆದ್ರೆ? ಪಂತ ಗಿಂತ ಏನೂ ಬೇಡ."

"ಬಿಟ್ರೆ ನೀನು ಎದುರುಗಡೆ ಸೇರ್ಕೋತೀಯಾ?"

ಆಕೆ ಸ್ವಲ್ಪ ಹೊತ್ತು ಎಣ್ಣೆ ತಿಕ್ಕಿದಳು. "ಸೇರ್ಕೋತೀನಿ" ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು.

"ಹಾಗಾದ್ರೆ ಬಿಡಲ್ಲ" ಎಂದರು ಮೇಷ್ಟ್ರು. ಅಷ್ಟೊತ್ತಿಗೆ ಅವರಿಗೆ ತಮ್ಮ ಸ್ಕೂಲಿನ ಮರ್ಯಾದೆ ಮರೆತೇ ಹೋಗಿತ್ತು. ಇಷ್ಟು ವರ್ಷ ಈಕೆ ತಮ್ಮ ಪಕ್ಕದಲ್ಲಿ ಕೂತು ಕಲಿಯದೇ ಹೋದಳಲ್ಲ ಎಂಬ ದುಃಖ ಒಂದೇ ಉಳಿದಿತ್ತು, ಮತ್ತು ಅದು ತಮ್ಮ ಕಾಲಿನದೇ ತಪ್ಪು ಎಂಬುದೂ ಅವರಿಗೆ ಅರ್ಥವಾಗಿತ್ತು.

ಎಂಟನೆಯ ದಿನ ಹತ್ತಿದ್ದು ಕಷ್ಟವಾಗಲಿಲ್ಲ, ಇಳಿದದ್ದು ಕಷ್ಟವಾಯಿತು. ಕೊನೆಯ ಘಾಟಿಯ ನೆತ್ತಿಯಿಂದಾಚೆ ಒಂದೇ ಸಮನೆ ಇಳಿಜಾರು, ತಿರುವಿನ ಮೇಲೆ ತಿರುವು, ಪಕ್ಕದಲ್ಲಿ ಪ್ರಪಾತ. ಮೇಷ್ಟ್ರಿಗೆ ಜೀವ ಬಾಯಿಗೆ ಬಂತು. ಬಲಗಾಲು ಬ್ರೇಕ್ ಹುಡುಕತೊಡಗಿತು. ತರಬೇತಿ ಹುಡುಗಿ ತುಳೀರಿ ತುಳೀರಿ ಎನ್ನುತ್ತಲೇ ಇದ್ದಳು. ಅವಳಿಗೇನು, ಅವಳ ಗಂಡ ಬೀಳುತ್ತಿರಲಿಲ್ಲವಲ್ಲ. ಮೇಷ್ಟ್ರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು.

"ಕಣ್ಣು ಬಿಡಿ" ಎಂದಳು ಹೆಂಡತಿ ಪಕ್ಕದಿಂದ. ರಕ್ತ ಕೊಡಲು ಬಂದು ಹೆದರಿದವರ ಹತ್ತಿರ ಮಾತಾಡುವ ಅದೇ ದನಿ. "ಏನೂ ಆಗಲ್ಲ. ನಿಮ್ಮ ಪಾಡಿಗೆ ತುಳೀತಾ ಇರಿ. ರಸ್ತೆ ತಾನಾಗೇ ತಿರುಗುತ್ತೆ."

ಮೇಷ್ಟ್ರು ಕಣ್ಣು ಬಿಟ್ಟರು. ರಸ್ತೆ ನಿಜಕ್ಕೂ ತಾನಾಗೇ ತಿರುಗುತ್ತಿತ್ತು. ಒಂದು ತಿರುವು ಹೋಯಿತು, ಇನ್ನೊಂದು ಹೋಯಿತು, ಯಾರೂ ಸಾಯಲಿಲ್ಲ. ಕೊನೆಯಲ್ಲಿ ಪರದೆಯ ತುಂಬ ಬಣ್ಣದ ಕಾಗದ ಸುರಿದು ಚಿನ್ನದ ಪದಕವೊಂದು ಗಿರಗಿರ ತಿರುಗಿದಾಗ ಮಗಳು ಸೋಫಾದ ಮೇಲೆ ಹತ್ತಿ ಕುಣಿದಳು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಬೆವರು ಎಂದರು, ಯಾರೂ ನಂಬಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಕೊಟ್ಟ ಮಾತಿನಂತೆ ಸ್ಟೀರಿಂಗ್ ಮುಂದೆ ಕೂತಳು. ಮೇಷ್ಟ್ರು ಪಕ್ಕದಲ್ಲಿ ಕೂತು, ಬಲಗಾಲನ್ನು ಎಡತೊಡೆಯ ಕೆಳಗೆ ಮಡಿಸಿಟ್ಟುಕೊಂಡರು. ಗೇರು, ಕ್ಲಚ್ಚು ಎಲ್ಲ ಹೇಳಿಕೊಟ್ಟರು. ಕಾರು ಎರಡು ಸಲ ಕುಪ್ಪಳಿಸಿ ಹೊರಟಿತು. ಬೀದಿಯ ಮೂಲೆ ಬಂತು, ಹೋಯಿತು. ಎದುರು ಸ್ಕೂಲಿನ ಬಾಗಿಲು ಬಂದಾಗ ಮೇಷ್ಟ್ರು ಕಿಟಕಿಯ ಗಾಜು ಪೂರ್ತಿ ಇಳಿಸಿದರು, ಆದರೆ ಕೂಲಿಂಗ್ ಗ್ಲಾಸ್ ಪಾಠಕ್ಕೆ ಹೋಗಿದ್ದ.

ಮುಂದಿನ ಗಲ್ಲಿಯಿಂದ ಹಾಲಿನ ವ್ಯಾನೊಂದು ರಿವರ್ಸಿನಲ್ಲಿ ಬಂದು ರಸ್ತೆಗೆ ಅಡ್ಡವಾಯಿತು. ಮೇಷ್ಟ್ರ ಕಾಲು ತೊಡೆಯ ಕೆಳಗೆ ಸಿಕ್ಕಿಬಿದ್ದಿತ್ತು. ಎಳೆದರೂ ಬರಲಿಲ್ಲ, ಜೋಮು ಹಿಡಿದಿತ್ತು. "ಅಯ್ಯೋ, ತುಳಿ! ತುಳಿ!" ಎಂದು ಕಿರುಚಿದರು. ಏನನ್ನು ಎಂದು ಹೇಳುವುದೇ ಮರೆಯಿತು.

ಕಾರು ಮೆತ್ತಗೆ ನಿಂತಿತು. ಹೆಂಡತಿಯ ಕನ್ನಡಕ ಮೂಗಿನ ಮೇಲೆ ಇದ್ದ ಹಾಗೇ ಇತ್ತು.

"ಯಾಕ್ರೀ ಕಿರುಚ್ತೀರಾ? ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆಯಲ್ಲ."

ಇಷ್ಟು ವರ್ಷದ ಸರ್ವೀಸಿನಲ್ಲಿ ಆ ಇನ್ನೊಂದು ಬ್ರೇಕಿನ ವಿಚಾರ ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು.

ಸಂತೋಷ ಆಕೆಗೂ ಆಗಿತ್ತು. ವ್ಯಾನು ಸರಿದ ಮೇಲೆ ಆಕೆ ಮತ್ತೆಲ್ಲೂ ಕಾರು ನಿಲ್ಲಿಸಲೇ ಇಲ್ಲ. "ಇಲ್ಲಿ ತಿರುಗಿಸು, ಇವತ್ತಿಗೆ ಸಾಕು" ಎಂದರೆ, "ನಡುವೆ ನಿಂತ್ರೆ ಮೊದಲಿನಿಂದ ಶುರು ಮಾಡ್ಬೇಕಾಗುತ್ತೆ" ಎಂದು ನಕ್ಕಳು. ಊರು ಮುಗಿಯಿತು, ಲ್ಯಾಬಿನ ಹೊಸ ಕಟ್ಟಡವೂ ಹಿಂದಾಯಿತು. ಎರಡೂ ಕಡೆ ಹೊಲ, ನಡುವೆ ನೀಟಾದ ರಸ್ತೆ, ಗುನುಗುತ್ತ ಕಾರು ಓಡಿಸುವ ಹೆಂಡತಿ. ಇವಳು ಗುನುಗುವುದನ್ನು ಕೇಳಿ ಎಷ್ಟು ಕಾಲವಾಯಿತು ಎಂದು ಮೇಷ್ಟ್ರು ಯೋಚಿಸುತ್ತಿರುವಾಗಲೇ ಕಾರು ಕೆಮ್ಮಿತು, ಮುಗ್ಗರಿಸಿತು, ನಿಂತಿತು.

"ನಾನೇನೂ ತುಳೀಲಿಲ್ಲಪ್ಪ" ಎಂದಳು ಆಕೆ.

ಪೆಟ್ರೋಲ್ ಮುಳ್ಳು ತಳದಲ್ಲಿ ಮಲಗಿತ್ತು. ಕಾರು ಹತ್ತುವ ಮುಂಚೆ ಪೆಟ್ರೋಲ್ ನೋಡಬೇಕು ಎಂಬುದು ಮೇಷ್ಟ್ರು ಎಲ್ಲ ಶಿಷ್ಯರಿಗೂ ಹೇಳುವ ಮೊದಲನೆಯ ಮಾತು. ಹೇಳುವವರಿಗೆ ಅದು ಅನ್ವಯಿಸುವುದಿಲ್ಲ ಎಂದು ಅವರು ಭಾವಿಸಿದ್ದಂತೆ ಕಂಡಿತು.

ಸ್ವಲ್ಪ ದೂರದಲ್ಲಿ ಪಂಕ್ಚರ್ ಅಂಗಡಿಯೊಂದಿತ್ತು. ಅಂಗಡಿಯಾತ ಒಂದು ಖಾಲಿ ಕ್ಯಾನೂ ತನ್ನ ಸೈಕಲ್ಲೂ ಕೊಟ್ಟ. "ಬಂಕು ಇಲ್ಲೇ, ಇಳಿಜಾರಿನಾಚೆ. ಸೈಕಲ್ ಬರುತ್ತಲ್ಲ ಸಾರ್?"

"ಬರುತ್ತಾ ಅಂತ ಕೇಳ್ತೀಯಲ್ಲಪ್ಪ!" ಎಂದರು ಮೇಷ್ಟ್ರು. "ನಿನ್ನೆ ತಾನೇ ಎಂಟನೇ ಘಾಟಿ ಮುಗಿಸಿದ್ದೀನಿ. ಪದಕ ಬಂದಿದೆ."

ಅಂಗಡಿಯಾತ ಭಕ್ತಿಯಿಂದ ಕೈಕಟ್ಟಿ ನಿಂತ. ಮೇಷ್ಟ್ರು ಗಂಭೀರವಾಗಿ ಕಾಲೆತ್ತಿ ಸೀಟಿನ ಮೇಲೆ ಕೂತರು, ತುಳಿದರು, ಬೇಲಿಯೊಳಗೆ ಬಿದ್ದರು. ಎದ್ದು ಮತ್ತೆ ಕೂತರು. ಈ ಸಲ ಬೇಲಿ ಇನ್ನೊಂದು ಕಡೆಯದು. ಮನೆಯ ಸೈಕಲ್ಲು ತಾನಾಗೇ ನಿಂತಿರುತ್ತಿತ್ತು. ಇದನ್ನು ಸವಾರನೇ ನಿಲ್ಲಿಸಿಕೊಳ್ಳಬೇಕು. ಈ ಭೇದ ಎಂಟು ದಿನದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ಅವರು ಹುಟ್ಟಿದಾಗಿನಿಂದ ಎರಡು ಚಕ್ರದ ಯಾವುದನ್ನೂ ಓಡಿಸಿರಲಿಲ್ಲ. ಎರಡು ಚಕ್ರವನ್ನು ನಂಬಬಾರದೆಂಬುದು ಅವರ ಸಿದ್ಧಾಂತ.

ಹೆಂಡತಿ ಬಂದು ಅವರ ಅಂಗಿಗೆ ಅಂಟಿದ್ದ ಮುಳ್ಳು ತೆಗೆದಳು. ಕೈಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ, ಸೈಕಲ್ಲನ್ನು ನೇರ ಮಾಡಿ ಹತ್ತಿ ಕೂತಳು.

"ಶಾಲೆಗೆ ನಾನು ದಿನಾ ಸೈಕಲ್ಲಲ್ಲೇ ಹೋಗ್ತಿದ್ದೆ. ಹಿಂದೆ ಕೂತ್ಕೊಳ್ಳಿ."

ಹೀಗೆ ಘಾಟಿ ಸವಾಲಿನ ಪದಕ ವಿಜೇತರು ಖಾಲಿ ಕ್ಯಾನು ತಬ್ಬಿಕೊಂಡು ಹೆಂಡತಿಯ ಸೈಕಲ್ಲಿನ ಕ್ಯಾರಿಯರ್ ಮೇಲೆ ಹೊರಟರು. ಗಾಳಿ ತಂಪಾಗಿ ಬೀಸುತ್ತಿತ್ತು. ಆಕೆ ಮತ್ತೆ ಗುನುಗಲು ಶುರುಮಾಡಿದ್ದಳು, ಮೇಷ್ಟ್ರಿಗೆ ಅವಮಾನ ಪಡಲು ಮನಸ್ಸೇ ಬರುತ್ತಿರಲಿಲ್ಲ. ಆಗ ಹಿಂದಿನಿಂದ ಬಂದ ಕಾರೊಂದು ನಿಧಾನವಾಯಿತು. ಸ್ಟೀರಿಂಗ್ ಹಿಡಿದು ಬೆವರುತ್ತಿದ್ದವನು ಯಾರೋ ಶಿಷ್ಯ. ಪಕ್ಕದ ಕಿಟಕಿಯಿಂದ ಹೊರಬಂದದ್ದು ಕೂಲಿಂಗ್ ಗ್ಲಾಸ್. ಮೊದಲ ಸಲ ಅವನು ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿ ನೋಡಿದ.

"ಏನ್ ಮೇಷ್ಟ್ರೇ! ಯಾವುದಾದ್ರೂ ಹೊಸ ಸ್ಕೂಲಿಗೆ ಸೇರ್ಕೊಂಡ್ರಾ?"

ಮೇಷ್ಟ್ರು ಕ್ಯಾನನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಹೌದು ಕಣಯ್ಯಾ. ಇವತ್ತೇ ಸೇರ್ಕೊಂಡೆ. ಮೇಡಂ ಬಹಳ ಚೆನ್ನಾಗಿ ಕಲಿಸ್ತಾರೆ."

"ಸೇರ್ಕೊಂಡ್ರೆ ಸಾಲದು" ಎಂದಳು ಮೇಡಂ, ಹಿಂದಕ್ಕೆ ತಿರುಗದೆ. "ಇಳಿಜಾರು ಬಂತು. ನೆಲದ ಮೇಲಿಂದ ಆ ಬಲಗಾಲು ಎತ್ತಿ. ಆವಾಗಿನಿಂದ ಎಳೀತಿದೆ."