ವೈಯಕ್ತಿಕ ಕಾರಣಗಳಿಂದ

ನಮ್ಮ ಮಾಮಾ ನೌಕರಿ ಹಿಡಿಯುವುದೇ ಬಿಡುವುದಕ್ಕೆ! ಜನರಿಗೆ ವರ್ಷಕ್ಕೊಮ್ಮೆ ನೆಗಡಿ ಬರುವಂತೆ ಅವ್ವನ ಈ ತಮ್ಮನಿಗೆ ರಾಜೀನಾಮೆ ಬರುತ್ತದೆ. ಹಗಲು ಹೊತ್ತಿನಲ್ಲಿ ಅವನು ಮನೆಯಲ್ಲಿ ಕಂಡರೆ ಸಾಕು, ಇಚಲಕರಂಜಿಯ ನಮ್ಮ ಓಣಿಯವರು "ಆರಾಮ ಅದೀರಿ?" ಎನ್ನುವುದಿಲ್ಲ, "ಯಾವುದು ಬಿಟ್ರಿ?" ಎನ್ನುತ್ತಾರೆ.

ಅವನ ರಾಜೀನಾಮೆ ಪತ್ರಗಳ ಲೇಖಕಿ ನಾನು. ಕೊಲ್ಹಾಪುರದಲ್ಲಿ ಎಂ.ಎ. ಓದಿ, ಮಾಲೀಕರ ಉತ್ತರದಾಯಿತ್ವದ ಕುರಿತು ಉರಿಯುವ ಲೇಖನಗಳನ್ನು ಬರೆಯುವವಳು ಮನೆಯಲ್ಲೇ ಇರುವಾಗ ಬೇರೆಯವರೇಕೆ?

ಶಹಾಪುರದ ಮಗ್ಗದ ಶೆಡ್ ಬಿಟ್ಟದ್ದು ಒಂದು ಚಿಲಕಕ್ಕಾಗಿ. ಹೆಂಗಸರ ಸಂಡಾಸಿಗೆ ಚಿಲಕವಿರಲಿಲ್ಲ. ಮೂರು ಸಲ ಹೇಳಿದ, ಸೇಠ ನಕ್ಕ, ಇವನು ಹೊರಬಿದ್ದ.

"ಹೆಂಗಸರ ಚಿಲಕ ನಿನಗ್ಯಾಕ ಬೇಕಿತ್ತೋ?" ಎಂದು ಅಜ್ಜಿ ಹಣೆ ಬಡಿದುಕೊಂಡಳು.

ಶಿರೋಳಿಯ ಫೌಂಡ್ರಿಯ ಮಾಲೀಕರು "ನಾವೆಲ್ಲಾ ಒಂದ ಮನೀ ಮಂದಿ" ಎನ್ನುತ್ತಿದ್ದರಂತೆ. ಮಾಮಾ ರವಿವಾರ ಮಧ್ಯಾಹ್ನ ಅವರ ಬಂಗಲೆಗೆ ಹೋಗಿ ಕೂತೇಬಿಟ್ಟ! "ಮನೀ ಮಂದಿ ಅಂದಿದ್ರಲ್ಲರೀ, ಊಟಕ್ಕ ಬಂದೇನಿ." ಮುಂದೆ ಜೊತೆಗಾರನೊಬ್ಬನ ಪಾದದ ಮೇಲೆ ಕಾದ ಲೋಹ ಬಿದ್ದಾಗ ಅದೇ ಮಾಲೀಕರು, "ಮನೀ ಮಾತು, ರಜಿಸ್ಟರಿನ್ಯಾಗ ಯಾಕ ಬರೀತೀರಿ?" ಎಂದರು. ಮಾಮಾ ಮತ್ತೆ ನನ್ನೆದುರು ಹಾಜರು.

"ಬರಿಯವ್ವಾ. ಸುಟ್ಟ ಕಾಲು ಬರಿ."

"ಹಾಂಗೆಲ್ಲಾ ಬರಿಯೂದಿಲ್ಲ ಮಾಮಾ. ಮುಂದ ಯಾರೂ ಕೆಲಸ ಕೊಡಂಗಿಲ್ಲ."

ಅಂದು ಶೆಡ್ಡಿನ ಪತ್ರದಿಂದ ಚಿಲಕವನ್ನು ಅಳಿಸಿದವಳು ಈ ಪತ್ರದಿಂದ ಕಾಲನ್ನೂ ಅಳಿಸಿದೆ. 'ವೈಯಕ್ತಿಕ ಕಾರಣಗಳಿಂದ': ಮರಾಠಿಗೂ ಕನ್ನಡಕ್ಕೂ ಸಮನಾಗಿ ಒಗ್ಗುವ ಎಂಥ ನುಣುಪಾದ ಮಾತು! ಅಷ್ಟು ಬರೆದುಕೊಟ್ಟು, ಗೆಳತಿಯರ ಮುಂದೆ ಅವನ ಕಥೆ ಹೇಳಿ ನಗಿಸಿದೆ. ಇಂದು ನೆನೆದರೆ ಮುಖ ಸುಡುತ್ತದೆ.

ಏಕೆಂದರೆ ಈ ಸಲ ರಾಜೀನಾಮೆಯ ಸರದಿ ನನ್ನದು. ಗಡಹಿಂಗ್ಲಜದ ಖಾಸಗಿ ಶಾಲೆಯೊಂದರಲ್ಲಿ ನಾನು ಶಿಕ್ಷಕಿ. ಅಲ್ಲಿ ನಮಗೆ ತರಗತಿಯಲ್ಲಿ ಕುರ್ಚಿ ಇಲ್ಲ, ಕೂತರೆ ಸೋಮಾರಿಗಳಾಗುತ್ತೇವಂತೆ! ಎಂಟು ತಿಂಗಳ ಬಸುರಿ ಸಹೋದ್ಯೋಗಿ ಊದಿದ ಕಾಲುಗಳಲ್ಲಿ ದಿನವಿಡೀ ನಿಂತು ಪಾಠ ಮಾಡುವುದನ್ನು ಕಂಡು ನನ್ನ ರಕ್ತ ಕುದಿಯಿತು. ಕುದಿದು ಬರೆದದ್ದೇನು? 'ವೈಯಕ್ತಿಕ ಕಾರಣಗಳಿಂದ'!

ಕಳಿಸುವ ಮೊದಲು ಶಾಲೆಯ ಸಂಗತಿಯನ್ನೆಲ್ಲ ಹೇಳಿ, ಪತ್ರವನ್ನು ಮಾಮಾನ ಕೈಗೆ ಕೊಟ್ಟೆ. ಓದಿದ, ಹಾಳೆ ತಿರುಗಿಸಿ ಹಿಂದೆಯೂ ನೋಡಿದ.

"ಕುರ್ಚಿ ಎಲ್ಲೈತಿ ಇದರಾಗ?"

ನಾನು ಹಾಳೆಗೆ ಕೈಚಾಚಿದೆ. ಅವನು ಕೊಡಲಿಲ್ಲ.

"ನೀ ಬಿಟ್ಟು ಬರ್ತಿ. ಆಕಿ ನಿಂತ ಇರ್ತಾಳಲ್ಲವ್ವಾ."

ನನಗೆ ತಲೆ ಎತ್ತಲಾಗಲಿಲ್ಲ. ಅವನು ಬೈಯಲಿಲ್ಲ. ತಾನು ಕೂತಿದ್ದ ಕುರ್ಚಿಯಿಂದ ಎದ್ದು, ಅದನ್ನು ಹೆಗಲ ಟವೆಲಿನಿಂದ ಒರೆಸಿ, ನನ್ನತ್ತ ಸರಿಸಿದ.

"ನಿಂತು ನಿಂತು ನಿನ್ನ ಕಾಲೂ ಬಾತಾವು. ಕುಂಡ್ರು. ಕುಂತು ಬರಿ."