ಜಂಬುನಾಥನ ಐದನೇ ರೀಲು

ಸೇತುರಾಮನ ಕಷ್ಟಕ್ಕೆಲ್ಲ ಮೂಲ ಒಂದು ಹಸಿಮೆಣಸಿನಕಾಯಿ.

ಹಿಂದಿನ ಭಾನುವಾರ ಹೆಣ್ಣು ನೋಡಲು ಹೋಗಿದ್ದಾಗ ಉಪ್ಪಿಟ್ಟಿನೊಳಗಿದ್ದ ಅದು ಹಲ್ಲಿಗೆ ಸಿಕ್ಕಿತು. ಹಿರಿಯರ ಮುಂದೆ ಉಗುಳುವಂತಿಲ್ಲ, ನುಂಗುವುದಂತೂ ಸಾಧ್ಯವಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ಹುಡುಗಿಯ ತಂದೆ ಪದ್ಮನಾಭಯ್ಯನವರು ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತ ಕೂತಿದ್ದ. ಆಗ ಹುಡುಗಿ ತುಂಗಾ ಮಜ್ಜಿಗೆಯ ಲೋಟವನ್ನು ಅವನ ಕೈಗೆಟುಕುವಂತೆ ಸರಿಸಿ ಒಳಗೆ ಹೋದಳು. ಅಷ್ಟೇ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ಸೇತುರಾಮ, ಮದುವೆ ಅಂತ ಆದರೆ ಇವಳನ್ನೇ ಎಂದು ಮಜ್ಜಿಗೆ ಮುಗಿಯುವಷ್ಟರಲ್ಲಿ ತೀರ್ಮಾನಿಸಿಬಿಟ್ಟ.

ವಾರವಾದರೂ ಅವರ ಕಡೆಯಿಂದ ಉತ್ತರವಿಲ್ಲ. ಸಂಬಂಧ ತಂದವರು ಪಕ್ಕದ ಮನೆಯ ವಿಮಲಮ್ಮ, ಹುಡುಗಿಗೆ ವರಸೆಯಲ್ಲಿ ಸೋದರತ್ತೆ. ಈ ಭಾನುವಾರ ಬೆಳಿಗ್ಗೆ ಅವರೇ ಕಾಂಪೌಂಡಿನ ಆಚೆಯಿಂದ ಕರೆದರು.

"ಹುಡುಗಿಗೆ ನೀನು ಒಪ್ಪಿಗೆನೇ ಕಣೋ ಸೇತು. ಆದ್ರೆ ಅವಳಿಗೆ ಜಂಬುನಾಥನ ಪಿಕ್ಚರ್ ಅಂದ್ರೆ ಪ್ರಾಣ. ದೆವ್ವಕ್ಕೆ ಹೆದರೋ ಗಂಡ ಬೇಡ ಅಂತಾಳೆ. ಸಾಯಂಕಾಲ ಮಾರೇನಹಳ್ಳಿ ಟೆಂಟಿಗೆ ಹೋಗೋಣ. ನಾನು ಜೊತೇಲಿರ್ತೀನಿ ಅಂದಿದ್ದಕ್ಕೆ ಪದ್ಮನಾಭ ಒಪ್ಕೊಂಡಿದಾನೆ."

ಸೇತುರಾಮ ಹೂಂ ಅಂದು ಒಳಗೆ ಬಂದು ಬಾಗಿಲಿಗೆ ಚಿಲಕ ಹಾಕಿಕೊಂಡ.

ಜಂಬುನಾಥ ಹನ್ನೆರಡು ಚಿತ್ರ ತೆಗೆದಿದ್ದ, ಹನ್ನೆರಡರಲ್ಲೂ ದೆವ್ವವೇ. ಅವನ ದೆವ್ವಕ್ಕೆ ಅವಸರವೆಂಬುದೇ ಇರಲಿಲ್ಲ. ಮೊದಲು ಖಾಲಿ ಉಯ್ಯಾಲೆ ತಾನಾಗಿ ತೂಗುತ್ತಿತ್ತು. ಆಮೇಲೆ ದೀಪ ಆರುತ್ತಿತ್ತು. ಆಮೇಲೆ ಬೆನ್ನು ತೋರಿಸಿ ಕೂತ ಹೆಂಗಸು ನಿಧಾನವಾಗಿ, ಪುಣ್ಯಾತ್ಗಿತ್ತಿ ತುಂಬ ನಿಧಾನವಾಗಿ, ಇತ್ತ ತಿರುಗುತ್ತಿದ್ದಳು. ಜನ ಕಿರುಚಿ ಬೆವರಿ ಮನೆಗೆ ಹೋಗಿ, ಮರುದಿನ ಮತ್ತೆ ಟಿಕೆಟಿಗೆ ಸಾಲು ನಿಲ್ಲುತ್ತಿದ್ದರು. ಸೇತುರಾಮ ಮಾತ್ರ ಅವನ ಒಂದು ಪೋಸ್ಟರನ್ನು ನೋಡಿಯೇ ತಿಂಗಳುಗಟ್ಟಲೆ ದೀಪ ಹಚ್ಚಿಟ್ಟು ಮಲಗಿದವನು. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ಬಸ್ಸಿಳಿದು ಮನೆ ಸೇರುವವರೆಗೆ ಆಂಜನೇಯನನ್ನು ನೆನೆಯುತ್ತ ಓಡುವುದು ಅವನ ದಿನಚರಿಯಾಗಿತ್ತು.

ನೆಟ್ಟಗೆ ಸಹೋದ್ಯೋಗಿ ಕಿಟ್ಟಿಯ ಮನೆಗೆ ಓಡಿದ. ಈಗ ಟೆಂಟಿಗೆ ಬಂದಿದ್ದ 'ಬಾವಿಯೊಳಗಿನ ಬಳೆ'ಯನ್ನು ಕಿಟ್ಟಿ ನಾಲ್ಕು ಸಲ ನೋಡಿದ್ದ. ಅವನು ಹೊಟ್ಟೆ ತುಂಬ ನಕ್ಕು, ಆಮೇಲೆ ಕನಿಕರಪಟ್ಟು, ಒಂದು ಕಾಗದದಲ್ಲಿ ರೀಲು ರೀಲಾಗಿ ಬರೆದುಕೊಟ್ಟ. ಎರಡನೆಯದರಲ್ಲಿ ಹಾಡು ಮುಗಿದೊಡನೆ ಕನ್ನಡಕ ತೆಗೆಯತಕ್ಕದ್ದು. ಮೂರನೆಯದು ಪೂರ್ತಿ ಅಡುಗೆಭಟ್ಟನ ತಮಾಷೆ, ಧೈರ್ಯವಾಗಿ ನಗಬಹುದು. ಐದನೆಯದರಲ್ಲಿ ಕನ್ನಡಕ ಹಾಕಲೇಬಾರದು. ಕನ್ನಡಕವಿಲ್ಲದಿದ್ದರೆ ಸೇತುರಾಮನಿಗೆ ಮೋಹಿನಿಯೂ ಒಣಹಾಕಿದ ಪಂಚೆಯೂ ಒಂದೇ. ಮಧ್ಯಾಹ್ನವೆಲ್ಲ ಕೂತು ಅದನ್ನು ಬಾಯಿಪಾಠ ಮಾಡಿದ.

ಸಂಜೆ ಕುರ್ಚಿ ಕ್ಲಾಸಿನಲ್ಲಿ ಮಧ್ಯೆ ವಿಮಲಮ್ಮ, ಆಚೆ ತುಂಗಾ, ಈಚೆ ಸೇತುರಾಮ ಕೂತರು. ಮೊದಲ ರೀಲು ಸುಖವಾಗಿ ಸಾಗಿತು. ಎರಡನೆಯದರಲ್ಲಿ ಹಾಡು ಮುಗಿದ ಕೂಡಲೇ ಅವನು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದ. ಟೆಂಟಿಗೆ ಟೆಂಟೇ ಚೀರಿತು. ಸೇತುರಾಮ ಮುಗುಳ್ನಗುತ್ತ ಒರೆಸುತ್ತಲೇ ಇದ್ದ. ಅಂಥ ನಿರ್ಭೀತ ಗಂಡಸನ್ನು ಕುರ್ಚಿ ಕ್ಲಾಸು ಕಂಡಿರಲಿಲ್ಲ.

ಆದರೆ ಅದೇ ಹೊತ್ತಿಗೆ ಹೊರಗೆ ಒಂದು ಅನಾಹುತವಾಗಿತ್ತು. ಒಂದೇ ಪ್ರಿಂಟು, ಎರಡು ಟೆಂಟು. ಮಾಗಡಿ ರಸ್ತೆಯ ಟೆಂಟಿನಲ್ಲಿ ಆಡಿ ಮುಗಿದ ರೀಲುಗಳನ್ನು ಒಬ್ಬಾತ ಸೈಕಲ್ಲಿಗೆ ಕಟ್ಟಿಕೊಂಡು ಇಲ್ಲಿಗೆ ತರಬೇಕಿತ್ತು. ಅವನು ಯಾರದೋ ಹೊಸ ಮನೆಯ ಪಾಯದ ಗುಂಡಿಗೆ ಸೈಕಲ್ ಸಮೇತ ಬಿದ್ದ. ಡಬ್ಬಗಳ ಮುಚ್ಚಳ ಬಿಚ್ಚಿಕೊಂಡವು. ಎದ್ದು ಮಣ್ಣು ಕೊಡವಿಕೊಂಡು, ಕೈಗೆ ಸಿಕ್ಕ ರೀಲನ್ನು ಕೈಗೆ ಸಿಕ್ಕ ಡಬ್ಬಕ್ಕೆ ತುಂಬಿ ತಂದುಕೊಟ್ಟ. ಮೂರನೆಯ ಡಬ್ಬದಲ್ಲಿ ಐದನೇ ರೀಲು ಕೂತಿತ್ತು.

ಸೇತುರಾಮ ಕನ್ನಡಕವನ್ನು ಭದ್ರವಾಗಿ ಏರಿಸಿಕೊಂಡ. ಅಡುಗೆಭಟ್ಟನಿಗಾಗಿ ಒಂದು ಒಳ್ಳೆಯ ನಗುವನ್ನು ಸಿದ್ಧಪಡಿಸಿಕೊಂಡು ಮುಂದಕ್ಕೆ ಬಾಗಿದ. ಪರದೆಯ ಮೇಲೆ ಬಾವಿಕಟ್ಟೆ ಕಂಡಿತು. ಭಟ್ಟ ನೀರು ಸೇದಲು ಬರುತ್ತಾನೆ ಎಂದುಕೊಂಡು ತುಂಗಾಳಿಗೆ ಕೇಳಿಸಲೆಂದು ಮೊದಲೇ ಹಹ್ಹಾ ಎಂದ. ಬಾವಿಯೊಳಗಿಂದ ಬಳೆ ತೊಟ್ಟ ಒಂದು ಕೈ ಮೇಲೆ ಬಂತು. ಅದರ ಹಿಂದೆ ಕೂದಲು ಬಂತು. ಕೂದಲ ಹಿಂದಿನ ಮುಖ ನಿಧಾನವಾಗಿ ತಿರುಗಿ, ಟೆಂಟಿನ ಅಷ್ಟು ಜನರನ್ನೂ ಬಿಟ್ಟು, ಸೇತುರಾಮನನ್ನೇ ನೋಡಿತು.

ಅವನು ಕೂಗಿದ ಕೂಗಿಗೆ ನೆಲದ ಕ್ಲಾಸಿನವರು ಪರದೆ ಬಿಟ್ಟು ಹಿಂದಕ್ಕೆ ತಿರುಗಿ ಹೆದರಿದರು. ಕುರ್ಚಿ ಮಗುಚಿ ಬಿತ್ತು. ವಿಮಲಮ್ಮನವರ ಕೈಯನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಬಿಡೋ, ಒಳ್ಳೇ ಸೀನು ಹೋಗತ್ತೆ" ಎಂದು ಅವರು ಕೊಸರಿಕೊಂಡರು. ಸೇತುರಾಮ ಒಂದೇ ಚಪ್ಪಲಿಯಲ್ಲಿ ಹೊರಗೋಡಿದ.

ಸೋಡಾ ಅಂಗಡಿಯ ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ಅವನು ನಿಂತಿದ್ದಾಗ ತುಂಗಾ ಬಂದಳು, ಕೈಯಲ್ಲಿ ಅವನ ಇನ್ನೊಂದು ಚಪ್ಪಲಿ. ಎಲ್ಲ ಮುಗಿಯಿತು ಅನ್ನಿಸಿತು ಅವನಿಗೆ. ಮುಗಿದ ಮೇಲೆ ನಿಜ ಹೇಳಲು ಏನಡ್ಡಿ?

"ನೋಡಿ, ನಂಗೆ ದೆವ್ವ ಅಂದ್ರೆ ಭಯ. ಜಿರಳೆ ಕಂಡ್ರೂ ಭಯ. ಬೇಡ ಅನ್ನೋದಾದ್ರೆ ಅಂದ್ಬಿಡಿ. ಆದ್ರೆ ಅವತ್ತು ಮಜ್ಜಿಗೆ ಕೊಟ್ರಲ್ಲ, ಅದನ್ನ ನಾನು ಸಾಯೋ ತನಕ ಮರೆಯಲ್ಲ."

ತುಂಗಾ ಅವನ ಬಾಯನ್ನೇ ನೋಡುತ್ತಿದ್ದಳು. ಎಡಗಿವಿಯಿಂದ ಒಂದು ಹತ್ತಿಯ ಉಂಡೆ ತೆಗೆದಳು, ಬಲಗಿವಿಯಿಂದ ಇನ್ನೊಂದು.

"ಏನಂದ್ರಿ? ಕೇಳಿಸ್ಲಿಲ್ಲ."

ಅಷ್ಟು ಧೈರ್ಯ ಮತ್ತೆಲ್ಲಿಂದ ತರುವುದು? ಮಜ್ಜಿಗೆಯನ್ನು ಬಿಟ್ಟು ಉಳಿದದ್ದನ್ನು ಮತ್ತೊಮ್ಮೆ ಹೇಳಿದ. ತುಂಗಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ದೆವ್ವಕ್ಕೆ ಹೆದರುವ ಹುಡುಗಿ ತನಗೆ ಬೇಡವೆಂದು ಅವನೇ ಹೇಳಿದ್ದಾನೆ, ಜಂಬುನಾಥನ ಹನ್ನೆರಡೂ ಚಿತ್ರ ನೋಡಿದ್ದಾನೆ ಎಂದು ಅವಳಿಗೆ ತಿಳಿಸಲಾಗಿತ್ತು. ಅದಕ್ಕೇ ಕಿವಿಗೆ ಹತ್ತಿ ತುರುಕಿ, ಮೊದಲ ರೀಲಿನಿಂದ ಅವನ ಕುರ್ಚಿ ಮಗುಚುವವರೆಗೂ ಕಣ್ಣು ಮುಚ್ಚಿ ಕೂತಿದ್ದಳು.

"ಯಾರು ಹೇಳಿದ್ದು?"

"ವಿಮಲತ್ತೆ."

ಇಬ್ಬರೂ ಟೆಂಟಿನ ಬಟ್ಟೆ ಸರಿಸಿ ಇಣುಕಿದರು. ವಿಮಲಮ್ಮ ಕುರ್ಚಿಯ ತುದಿಗೆ ಬಂದು, ಕಡಲೇಕಾಯಿ ಸುಲಿಯುವುದನ್ನೂ ಮರೆತು, ಕಣ್ಣರಳಿಸಿ ಕೂತಿದ್ದರು. ಪಾಪ, ಮಗ ಸೊಸೆ ಅವರನ್ನು ದೇವರ ಚಿತ್ರ ಬಿಟ್ಟರೆ ಬೇರೆಯದಕ್ಕೆ ಕರೆದೊಯ್ಯುತ್ತಿರಲಿಲ್ಲ. ಒಬ್ಬರೇ ಹೋಗೋಣವೆಂದರೆ ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ಆ ಮುಖ ನೋಡಿ ಸೇತುರಾಮನಿಗೆ ಸಿಟ್ಟು ಬರುವುದಕ್ಕೆ ಬದಲು ಪ್ರೀತಿಯೇ ಬಂತು.

ಆಟ ಮುಗಿದ ಮೇಲೆ ಕೇಳಿದ್ದಕ್ಕೆ ಅವರು ಒಂದಿಷ್ಟೂ ಅಳುಕಲಿಲ್ಲ.

"ಹೌದು, ನಾನೇ ಹೇಳ್ದೆ. ಇಬ್ರೂ ಒಪ್ಕೊಂಡ್ರಿ ತಾನೆ? ವೈಶಾಖದಲ್ಲಿ ಮದುವೆ. ಇನ್ನು ಆರು ತಿಂಗಳು. ಅಲ್ಲೀ ತನಕ ಪದ್ಮನಾಭ ಮಗಳನ್ನ ನನ್ನ ಜೊತೆ ಬಿಟ್ಟು ಇನ್ಯಾರ ಜೊತೆಗೂ ಕಳಿಸಲ್ಲ. ನಾನು ಟೆಂಟ್ ಬಿಟ್ಟು ಇನ್ನೆಲ್ಲಿಗೂ ಬರಲ್ಲ. ಜಂಬುನಾಥಂದು ಇನ್ನೂ ಹನ್ನೊಂದಿದೆ. ಬರೋ ಭಾನುವಾರ 'ಒಂಬತ್ತನೇ ಮೆಟ್ಟಿಲು'."

ಸೇತುರಾಮ ಮನಸ್ಸಿನಲ್ಲೇ ಹನ್ನೊಂದು ಬಾವಿಗಳಿಗೆ ಬಿದ್ದೆದ್ದ. ವಿಮಲಮ್ಮ ಐದನೇ ರೀಲಿನ ಬಗ್ಗೆ ತಮಗೆ ತಾವೇ ಮಾತಾಡಿಕೊಳ್ಳುತ್ತ ಮುಂದೆ ನಡೆದರು.

"ಮೊದಲ್ನೇ ಸಲ ಹೇಳ್ದಾಗ ಮಜ್ಜಿಗೆ ಅಂತ ಏನೋ ಅಂದ್ರಿ" ಎಂದಳು ತುಂಗಾ ಮೆಲ್ಲಗೆ. "ತುಟಿ ನೋಡಿದೆ."

ಅವಳು ತನ್ನ ಹತ್ತಿಯಲ್ಲಿ ಒಂದು ಉಂಡೆಯನ್ನು ಎರಡು ಮಾಡಿ ಅವನ ಅಂಗೈಗೆ ಹಾಕಿದಳು.